ಒಳಗಿನ ಲೇನ್ ಬಿಡದ ಓಟಗಾರ

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪುರುಷರ 1500 ಮೀಟರ್ ಓಟದ ಪದಕ ಗೆದ್ದ ಮೂವರೂ ಒಂದೇ ಗರಡಿಯಲ್ಲಿ ಪಳಗಿದವರು. ಚಿನ್ನ ಗೆದ್ದ ಅಮೆರಿಕದ ಕೋಲ್ ಹಾಕರ್, ಬೆಳ್ಳಿ ಗೆದ್ದ ಬ್ರಿಟನ್ನಿನ ಜಾಶ್ ಕೆರ್, ಕಂಚು ಗೆದ್ದ ಅಮೆರಿಕದ ಯಾರೆಡ್ ನುಗುಸ್ ಬೇರೆ ಬೇರೆ ವರ್ಷಗಳಲ್ಲಿ ಇದೇ ಓಟದಲ್ಲಿ ಅಮೆರಿಕದ ಕಾಲೇಜು ಚಾಂಪಿಯನ್ ಆಗಿದ್ದರು. ಸ್ಕಾಟ್ಲೆಂಡ್‌ನ ಕೆರ್ ಕೂಡ ಓದಿದ್ದು ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ. ಇದು ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ.

ಯುರೋಪಿನ ದೊಡ್ಡ ಕೂಟಗಳಲ್ಲಿ ವೇಗ ಹಿಡಿದುಕೊಡುವ ಪೇಸ್‌ಮೇಕರ್ ಮುಂದೆ ಓಡುತ್ತಾನೆ, ಟ್ರ್ಯಾಕ್‌ನ ಅಂಚಿನಲ್ಲಿ ದೀಪಗಳು ದಾಖಲೆಯ ವೇಗ ತೋರಿಸುತ್ತವೆ. ಕಾಲೇಜು ಚಾಂಪಿಯನ್‌ಷಿಪ್‌ನಲ್ಲಿ ಇದ್ಯಾವುದೂ ಇಲ್ಲ. ಅಲ್ಲಿ ಸಮಯಕ್ಕೆ ಬೆಲೆಯಿಲ್ಲ. ಎಷ್ಟನೇ ಸ್ಥಾನ ಬಂತು, ತಂಡಕ್ಕೆ ಎಷ್ಟು ಅಂಕ ಸಿಕ್ಕಿತು ಎನ್ನುವುದೇ ಮುಖ್ಯ. ಹಾಗಾಗಿ ಎಷ್ಟೋ ಸಲ ಮೊದಲ ಎರಡು ಸುತ್ತು ನಿಧಾನವಾಗಿ ಸಾಗುತ್ತದೆ. ಹನ್ನೆರಡು ಮಂದಿ ಒತ್ತೊತ್ತಾಗಿ, ಮೊಣಕೈ ತಾಗಿಸಿಕೊಂಡು ಓಡುತ್ತಾರೆ. ಕೊನೆಯ ಸುತ್ತಿನಲ್ಲಿ ಒಮ್ಮೆಲೇ ಸ್ಫೋಟ. ಆ ಗುಂಪಿನಲ್ಲಿ ಸಿಕ್ಕಿಕೊಂಡವನು ಎಷ್ಟೇ ಗಟ್ಟಿಗನಾದರೂ ಸೋಲುತ್ತಾನೆ.

ಇಂಡಿಯಾನಾಪೊಲಿಸ್‌ನ ಹಾಕರ್ ಒರೆಗಾನ್ ವಿಶ್ವವಿದ್ಯಾಲಯ ಸೇರಿ ಇದನ್ನು ಕಲಿತರು. 2022ರಲ್ಲಿ ನೀರಜ್ ಚೋಪ್ರಾ ವಿಶ್ವ ಚಾಂಪಿಯನ್‌ಷಿಪ್‌ನ ಬೆಳ್ಳಿ ಗೆದ್ದರಲ್ಲ, ಆ ಹೇವರ್ಡ್ ಫೀಲ್ಡ್ ಇದೇ ವಿಶ್ವವಿದ್ಯಾಲಯದ ಮೈದಾನ. 2021ರ ಮಾರ್ಚ್‌ನಲ್ಲಿ ಒಳಾಂಗಣ ಕಾಲೇಜು ಚಾಂಪಿಯನ್‌ಷಿಪ್‌ನ ಮೈಲಿ ಓಟ ಮತ್ತು 3000 ಮೀಟರ್ ಎರಡನ್ನೂ ಹಾಕರ್ ಒಂದೇ ದಿನ ಗೆದ್ದರು. ಜೂನ್‌ನಲ್ಲಿ ಹೇವರ್ಡ್ ಫೀಲ್ಡ್‌ನಲ್ಲಿ ನುಗುಸ್ ಅವರನ್ನು ಹಿಂದಿಕ್ಕಿ 1500 ಮೀಟರ್ ಕಾಲೇಜು ಪ್ರಶಸ್ತಿ ಗೆದ್ದರು. ಅದೇ ತಿಂಗಳು, ಅದೇ ಮೈದಾನದಲ್ಲಿ ಒಲಿಂಪಿಕ್ ಆಯ್ಕೆ ಕೂಟ. ಅಲ್ಲಿ ರಿಯೊ ಚಾಂಪಿಯನ್ ಮ್ಯಾಥ್ಯೂ ಸೆಂಟ್ರೊವಿಟ್ಜ್ ಅವರನ್ನೇ ಸೋಲಿಸಿದರು. ಟೋಕಿಯೊ ಫೈನಲ್‌ನಲ್ಲಿ ಆರನೆಯವರಾದಾಗ ಅವರಿಗೆ ಇಪ್ಪತ್ತು ವರ್ಷ. ಮುಂದೆ ಕೋಚ್ ಬೆನ್ ಥಾಮಸ್ ವರ್ಜೀನಿಯಾ ಟೆಕ್‌ಗೆ ಹೋದಾಗ ಹಾಕರ್ ಕೂಡ ಅವರ ಹಿಂದೆಯೇ ಹೋದರು.

2024ರ ಆಗಸ್ಟ್ 6ರಂದು ಪ್ಯಾರಿಸ್‌ನಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು ಕೆರ್ ಮತ್ತು ನಾರ್ವೆಯ ಯಾಕೋಬ್ ಇಂಗೆಬ್ರಿಗ್ಟ್‌ಸನ್ ಹೆಸರು. ಇಂಗೆಬ್ರಿಗ್ಟ್‌ಸನ್ ಮೊದಲ 400 ಮೀಟರನ್ನು 55 ಸೆಕೆಂಡಿನೊಳಗೆ ಮುಗಿಸಿ, ಉಳಿದವರ ಕಾಲಿನ ಶಕ್ತಿಯನ್ನೆಲ್ಲ ಹಿಂಡಿಹಾಕುವ ಲೆಕ್ಕದಲ್ಲಿ ಓಡಿದರು. ಕೊನೆಯ ತಿರುವು ಮುಗಿಯುವಾಗ ಹಾಕರ್ ಒಳಗಿನಿಂದ ನುಗ್ಗಲು ನೋಡಿದರು. ಇಂಗೆಬ್ರಿಗ್ಟ್‌ಸನ್ ಅಂಚಿಗೆ ಸರಿದು ದಾರಿ ಮುಚ್ಚಿದರು. ಆ ಘಳಿಗೆಯಲ್ಲಿ ಹೆಜ್ಜೆ ತಪ್ಪಿದ್ದರೆ ಎಲ್ಲ ಮುಗಿಯುತ್ತಿತ್ತು. ಹಾಕರ್ ಗಾಬರಿಯಾಗಲಿಲ್ಲ, ಹೊರಗೆ ಸುತ್ತಿ ಬರುವ ಆತುರವನ್ನೂ ಮಾಡಲಿಲ್ಲ. ಒಂದಿಷ್ಟು ವೇಗ ತಗ್ಗಿಸಿ ಅಲ್ಲೇ ಕಾದರು. ಹೊರಗಿನಿಂದ ಬಂದ ಕೆರ್ ಅವರನ್ನು ತಡೆಯಲು ಇಂಗೆಬ್ರಿಗ್ಟ್‌ಸನ್ ಆ ಕಡೆ ಸರಿದರು. ಒಳಗಿನ ಲೇನ್ ಮತ್ತೆ ತೆರೆಯಿತು. ಮುಂದಿನದು ಬರೀ ವೇಗ. 3 ನಿಮಿಷ 27.65 ಸೆಕೆಂಡ್, ಹೊಸ ಒಲಿಂಪಿಕ್ ದಾಖಲೆ. ಅವರ ಹಿಂದಿನ ಅತ್ಯುತ್ತಮ ಸಮಯಕ್ಕಿಂತ ಸುಮಾರು ಮೂರು ಸೆಕೆಂಡ್ ಕಡಿಮೆ! ಕೆರ್ 3:27.79, ನುಗುಸ್ 3:27.80. ಓಟದ ಬಹುಪಾಲು ಮುಂದಿದ್ದ ಇಂಗೆಬ್ರಿಗ್ಟ್‌ಸನ್‌ಗೆ ನಾಲ್ಕನೇ ಸ್ಥಾನ.

ದಾಖಲೆಯ ವೇಗದಲ್ಲಿ ಓಡುತ್ತಿರುವಾಗಲೂ ಕಾಯುವ ತಾಳ್ಮೆ ಪೇಸ್‌ಮೇಕರ್ ಬೆನ್ನು ನೋಡಿಕೊಂಡು ಓಡಿದರೆ ಬರುವುದಿಲ್ಲ. ಅದು ಗುಂಪಿನಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದು ಕಲಿಯುವ ವಿದ್ಯೆ. ಅದರಲ್ಲಿ ಅಪಾಯವೂ ಇದೆ. 2025ರ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನ 1500 ಮೀಟರ್ ಸೆಮಿಫೈನಲ್‌ನಲ್ಲಿ ಇಂಥದ್ದೇ ಇಕ್ಕಟ್ಟಿನಿಂದ ನುಗ್ಗಿ ಬರುವಾಗ ಪಕ್ಕದವರನ್ನು ತಳ್ಳಿದರೆಂದು ಹಾಕರ್ ಅನರ್ಹಗೊಂಡರು. ಕೆಲವೇ ದಿನಗಳಲ್ಲಿ ಅದೇ ಟ್ರ್ಯಾಕ್‌ಗೆ ಮರಳಿ, 5000 ಮೀಟರ್ ಓಟವನ್ನು 12 ನಿಮಿಷ 58.30 ಸೆಕೆಂಡ್‌ಗಳಲ್ಲಿ ಮುಗಿಸಿ ಚಿನ್ನ ಗೆದ್ದರು.

ಪ್ಯಾರಿಸ್ ಫೈನಲ್‌ನ ವಿಡಿಯೊ ಈಗಲೂ ನೋಡಲು ಸಿಗುತ್ತದೆ. ಕೊನೆಯ ಸುತ್ತು ಬಂದಾಗ ಮುಂದಿರುವವನನ್ನು ಬಿಟ್ಟು ಒಳ ಅಂಚಿನಲ್ಲಿರುವ ಹಾಕರ್ ಅವರನ್ನೇ ಗಮನಿಸಿ.