ಬೆನ್ನುಹುರಿಯ ಪೆಟ್ಟಿನ ನಂತರದ ನೋವು: ಮೊಬೈಲ್ ಧ್ಯಾನದಿಂದ ಎಷ್ಟು ಪ್ರಯೋಜನ?

ಅಡಿಕೆ ಕೊಯ್ಲು, ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪಡಣೆ, ತೆಂಗಿನಕಾಯಿ ಕೀಳುವುದು ಇವೆಲ್ಲ ಮರ ಹತ್ತಿ ಮಾಡುತ್ತ ಬಂದ ಕೆಲಸಗಳು. ಈಚಿನ ವರ್ಷಗಳಲ್ಲಿ ಉದ್ದನೆಯ ದೋಟಿಗಳು ಬಳಕೆಗೆ ಬಂದಿದ್ದರೂ ಮರ ಹತ್ತುವುದು ಪೂರ್ತಿ ನಿಂತಿಲ್ಲ. ಮಳೆಗಾಲದಲ್ಲಿ ಜಾರಿ ಬಿದ್ದವರಲ್ಲಿ ಕೆಲವರಿಗೆ ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಸ್ವಾಧೀನ ತಪ್ಪುತ್ತದೆ. ಎಲುಬು ಕೂಡಿಕೊಂಡು ಗಾಯ ಮಾಯ್ದ ಮೇಲೂ ಇವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ನೋವು ಬಿಡುವುದಿಲ್ಲ. ಈ ನೋವಿಗೆ ಔಷಧಿಯ ಜೊತೆಗೆ ಮೊಬೈಲ್ ಫೋನಿನ ಧ್ಯಾನದ ಆ್ಯಪ್‌ಗಳನ್ನೂ ಬಳಸಬಹುದೆಂಬ ಮಾತು ಈಗ ಕೇಳಿಬರುತ್ತಿದೆ. ಇದರಲ್ಲಿ ಎಷ್ಟು ಹುರುಳಿದೆ ಎಂಬುದನ್ನು ರೈತ ಬಾಂಧವರು ತಿಳಿದುಕೊಳ್ಳುವುದು ಒಳ್ಳೆಯದು.

ಸ್ಪರ್ಶ ತಿಳಿಯದ ಕಾಲು ನೋಯುವುದೇಕೆ?

"ಸೂಜಿ ಚುಚ್ಚಿದರೂ ತಿಳಿಯದ ಕಾಲು ಉರಿಯುತ್ತದೆ ಎಂದರೆ ಹೇಗೆ?" ಎಂದು ಮನೆಯವರೇ ಸಂಶಯಪಡುವುದುಂಟು. ನೋವು ಸುಳ್ಳಲ್ಲ. ಬೆನ್ನುಹುರಿಯು ಸುಮಾರು 45 ಸೆಂಟಿಮೀಟರ್ ಉದ್ದದ ನರಗಳ ಕಟ್ಟು. ದೇಹದ ಸುದ್ದಿ ಮಿದುಳಿಗೆ ತಲಪುವುದು ಇದರ ಮೂಲಕವೇ. ಪೆಟ್ಟಾದ ಜಾಗದಲ್ಲಿ ಸರಿಯಾದ ಸುದ್ದಿ ತಡೆದುಹೋಗುತ್ತದೆ. ಆದರೆ ಹಾನಿಗೊಂಡ ನರಕೋಶಗಳು ಅತಿಸೂಕ್ಷ್ಮವಾಗಿ, ಕಾರಣವಿಲ್ಲದೆ ಸಂಕೇತ ಕಳಿಸತೊಡಗುತ್ತವೆ. ಮಿದುಳು ಇದನ್ನು ಉರಿ, ಚುಚ್ಚು, ಕರೆಂಟು ಹೊಡೆದಂಥ ನೋವು ಎಂದು ಓದಿಕೊಳ್ಳುತ್ತದೆ. ಇದು ನರದ ನೋವು. ಇದಲ್ಲದೆ ಗಾಲಿಕುರ್ಚಿ ತಳ್ಳಿ, ಕೈಯೂರಿ ಮೈ ಎತ್ತಿ ಭುಜಗಳಲ್ಲಿ ಬರುವ ಸ್ನಾಯುನೋವು ಬೇರೆ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಮೂರು ತಿಂಗಳಿಗೂ ಮೀರಿ ಉಳಿಯುವ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ.

ಧ್ಯಾನ ಮಾಡುವುದೇನು?

ಇಲ್ಲಿ ಹೇಳುವ ಧ್ಯಾನವೆಂದರೆ ಉಸಿರಾಟವನ್ನೂ ದೇಹದ ಅನುಭವವನ್ನೂ ಒಳ್ಳೆಯದು ಕೆಟ್ಟದು ಎನ್ನದೆ ಸಾವಧಾನವಾಗಿ ಗಮನಿಸುವುದು. ಬೌದ್ಧರ ಹಳೆಯ ಅಭ್ಯಾಸಗಳಿಂದ ಇದನ್ನು ತೆಗೆದುಕೊಂಡು, 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬಾಟ್-ಜಿನ್ ಅವರು ರೋಗಿಗಳಿಗೆ 8 ವಾರಗಳ ಪಾಠವಾಗಿ ರೂಪಿಸಿದರು. ಇಂದಿನ ಆ್ಯಪ್‌ಗಳಲ್ಲಿ ಬಹಳಷ್ಟು ಇದೇ ಜಾಡಿನವು.

ನೋವಿನಲ್ಲಿ ಎರಡು ಪಾಲು ಇವೆ. ಒಂದು ನೋವಿನ ತೀವ್ರತೆ. ಇನ್ನೊಂದು "ಇದು ಎಂದೂ ಹೋಗದು, ನನ್ನ ಬಾಳು ಮುಗಿಯಿತು" ಎಂಬ ಸಂಕಟ. ಧ್ಯಾನದ ಪರಿಣಾಮ ಹೆಚ್ಚಾಗಿ ಎರಡನೆಯದರ ಮೇಲೆ. ಹಾನಿಗೊಂಡ ನರವನ್ನು ಅದು ಸರಿಪಡಿಸುವುದಿಲ್ಲ, ಕಾಲಿಗೆ ಬಲ ತರುವುದಿಲ್ಲ.

ಪ್ರಯೋಗಗಳು ಏನು ಹೇಳುತ್ತವೆ?

ದೀರ್ಘಕಾಲದ ಸೊಂಟನೋವಿನ 342 ಜನರ ಮೇಲೆ ಅಮೆರಿಕದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 26 ವಾರಗಳ ನಂತರ ಧ್ಯಾನ ಕಲಿತವರಲ್ಲಿ ಶೇಕಡಾ 60ರಷ್ಟು ಮಂದಿಗೆ ದಿನನಿತ್ಯದ ಕೆಲಸದಲ್ಲಿ ಸುಧಾರಣೆ ಕಂಡಿತು. ಎಂದಿನ ಚಿಕಿತ್ಸೆಯಲ್ಲೇ ಇದ್ದವರಲ್ಲಿ ಇದು ಶೇಕಡಾ 44. ಬೆನ್ನುಹುರಿಗೆ ಪೆಟ್ಟಾದವರಿಗಾಗಿಯೇ ಇಂಗ್ಲೆಂಡಿನ ಸಂಶೋಧಕರು ಅಂತರ್ಜಾಲದ ಮೂಲಕ 8 ವಾರ ಧ್ಯಾನ ಕಲಿಸಿದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಅದರಲ್ಲಿ ಖಿನ್ನತೆ, ಆತಂಕ ಇಳಿದುದು ಕಂಡುಬಂದಿತು. ಆದರೆ ಅದು 67 ಜನರ ಸಣ್ಣ ಪ್ರಯೋಗ. ಆದ್ದರಿಂದ ಧ್ಯಾನವನ್ನು ಚಿಕಿತ್ಸೆಗೆ ಪೂರಕವೆಂದು ತಿಳಿಯಬೇಕೇ ಹೊರತು ಬದಲಿಯೆಂದಲ್ಲ.

ಅಭ್ಯಾಸದ ಕ್ರಮ

1. ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ ಸಾಕು. ಒರಗಿ ಕುಳಿತು ಅಥವಾ ಮಲಗಿ ಮಾಡಬಹುದು, ಪದ್ಮಾಸನ ಬೇಕಿಲ್ಲ.

2. ಉಸಿರು ಒಳಗೆ ಬರುವುದನ್ನೂ ಹೊರಗೆ ಹೋಗುವುದನ್ನೂ ಗಮನಿಸಿರಿ. ಮನಸ್ಸು ಅತ್ತಿತ್ತ ಹೋದರೆ ಬೇಸರಿಸದೆ ಮತ್ತೆ ಉಸಿರಿಗೆ ತನ್ನಿರಿ.

3. ಅನೇಕ ಆ್ಯಪ್‌ಗಳು ಕಾಲಿನ ಬೆರಳಿನಿಂದ ನೆತ್ತಿಯವರೆಗೆ ದೇಹವನ್ನು ಗಮನಿಸಲು ಹೇಳುತ್ತವೆ. ಸ್ಪರ್ಶಜ್ಞಾನ ಇಲ್ಲದವರಿಗೆ ಇದು ದುಃಖ ತರಬಹುದು, ನೋವನ್ನೂ ಕೆಣಕಬಹುದು. ಅಂಥವರು ಆ ಭಾಗವನ್ನು ಬಿಟ್ಟು ಮುಖ, ಕೈ, ಉಸಿರನ್ನು ಮಾತ್ರ ಗಮನಿಸಲಿ.

4. ಹೆಡ್‌ಸ್ಪೇಸ್, ಕಾಮ್ ಮೊದಲಾದ ಆ್ಯಪ್‌ಗಳ ಹೆಚ್ಚಿನ ಪಾಠಗಳು ಇಂಗ್ಲಿಷಿನಲ್ಲಿವೆ, ಶುಲ್ಕವೂ ಇದೆ. ಹಣ ಕಟ್ಟುವ ಮೊದಲು ಉಚಿತ ಪಾಠ ನೋಡಿರಿ. ಮನೆಯವರೊಬ್ಬರು ಮೇಲಿನ ಸೂಚನೆಗಳನ್ನು ಕನ್ನಡದಲ್ಲಿ ನಿಧಾನವಾಗಿ ಓದಿ ಫೋನಿನಲ್ಲಿ ಧ್ವನಿಮುದ್ರಿಸಿಕೊಟ್ಟರೂ ಕೆಲಸ ನಡೆಯುತ್ತದೆ.

ಎಚ್ಚರಿಕೆಗಳು

* ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್‌ನಂಥ ನರನೋವಿನ ಮಾತ್ರೆಗಳನ್ನು ತಾವಾಗಿಯೇ ಒಮ್ಮೆಲೇ ನಿಲ್ಲಿಸಕೂಡದು.

* ಧ್ಯಾನದಲ್ಲಿ ಅಲುಗಾಡದೆ ಬಹಳ ಹೊತ್ತು ಕೂರಬಾರದು. ಗಾಲಿಕುರ್ಚಿಯಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ ಮೈಭಾರ ಬದಲಿಸದಿದ್ದರೆ ಒತ್ತಡದ ಹುಣ್ಣಾಗುತ್ತದೆ. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿರಿ.

* ಹೊಸ ನೋವು, ಜ್ವರ, ಸ್ಪರ್ಶ ತಿಳಿಯದ ಜಾಗ ಹೆಚ್ಚುವುದು ಕಂಡರೆ ವೈದ್ಯರನ್ನು ಕಾಣಬೇಕು.

* ಎದೆಯ ನಡುಭಾಗಕ್ಕಿಂತ ಮೇಲೆ ಬೆನ್ನುಹುರಿಗೆ ಪೆಟ್ಟಾದವರಿಗೆ ತಟ್ಟನೆ ತಲೆ ಸಿಡಿಯುವಂತೆ ನೋವು ಬಂದು ಮುಖ ಕೆಂಪೇರಿ ಬೆವರಿದರೆ ಅದು ರಕ್ತದೊತ್ತಡ ಅಪಾಯಕರವಾಗಿ ಏರಿದ ಸೂಚನೆ. ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರದ ನಳಿಕೆ ಕಟ್ಟಿಕೊಂಡಿದೆಯೇ ನೋಡಿ, ಕೂಡಲೇ 108ಕ್ಕೆ ಕರೆ ಮಾಡಿರಿ. ಇಲ್ಲಿ ಧ್ಯಾನ ಮಾಡುತ್ತ ಕೂರುವಂತಿಲ್ಲ.

* ಬದುಕೇ ಬೇಡವೆನಿಸಿದರೆ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಬಹುದು. 2022ರಲ್ಲಿ ಆರಂಭವಾದ ಈ ಉಚಿತ ಸೇವೆ ಹಗಲೂ ರಾತ್ರಿಯೂ ಕನ್ನಡದಲ್ಲಿ ದೊರೆಯುತ್ತದೆ.

ವಿಸ್ತರಣಾ ಕಾರ್ಯಕರ್ತರು ಹಳ್ಳಿಗೆ ಹೋದಾಗ ಇಂಥವರ ಮನೆಗೂ ಹೋಗಿ ಬರಬೇಕು. ಕಾಲು ಕಳೆದುಕೊಂಡ ಮಾತ್ರಕ್ಕೆ ಬೇಸಾಯದ ತಿಳಿವಳಿಕೆ ಹೋಗುವುದಿಲ್ಲ. ನಾಟಿಯ ದಿನ, ಗೊಬ್ಬರದ ಪ್ರಮಾಣ, ಮಾರುಕಟ್ಟೆಯ ಧಾರಣೆ ಇವನ್ನೆಲ್ಲ ಅವರೊಡನೆ ಚರ್ಚಿಸಿರಿ. ಮನೆಯವರು ಮೊದಲು ಮಾಡಬೇಕಾದುದು ಇಷ್ಟೇ: ನೋಯುತ್ತದೆ ಎಂದಾಗ ನಂಬುವುದು.