ಮುಕ್ತ ಗ್ರಂಥಕ್ಕೆ ಬೀಗವೇಕೆ?

ಆಚಾರ್ಯ ಜಗದೀಶಚಂದ್ರ ಬೋಸರು ಸಜೀವ ಮತ್ತು ನಿರ್ಜೀವ ವಸ್ತುಗಳ ಪ್ರತಿಕ್ರಿಯೆಯನ್ನು ಕುರಿತು ಬರೆದ ಪ್ರಸಿದ್ಧ ಗ್ರಂಥವು 1902ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ನಮ್ಮ ವಿದ್ಯಾರ್ಥಿಯೊಬ್ಬನು ಅಂತಹ ಹಳೆಯ ಪುಸ್ತಕವೊಂದನ್ನು ಮೂಲದಲ್ಲಿಯೇ ಓದಬಯಸಿ, ಅಮೆರಿಕದ ಗ್ರಂಥಾಲಯಗಳ ಡಿಜಿಟಲ್ ಭಂಡಾರದಲ್ಲಿ ಹುಡುಕುವನೆಂದು ಭಾವಿಸೋಣ. ಪುಸ್ತಕದ ಹೆಸರು ದೊರೆಯುತ್ತದೆ. ಅದರ ಪುಟಗಳ ಚಿತ್ರಗಳು ಭಂಡಾರದಲ್ಲಿ ಇರುವುದೂ ತಿಳಿಯುತ್ತದೆ. ಆದರೆ ಪುಟಗಳು ಮಾತ್ರ ತೆರೆಯುವುದಿಲ್ಲ. ಯಾರ ಸ್ವತ್ತೂ ಅಲ್ಲದ ಪುಸ್ತಕಕ್ಕೆ ಈ ಬೀಗವನ್ನು ಹಾಕಿದವರಾರು?

ಮೊದಲು ಗ್ರಂಥಸ್ವಾಮ್ಯವೆಂದರೇನೆಂಬುದನ್ನು ನೋಡೋಣ. ಗ್ರಂಥವನ್ನು ಅಚ್ಚುಮಾಡುವ ಹಕ್ಕು ಲೇಖಕನಿಗೆ ಅಥವಾ ಅವನ ವಾರಸುದಾರರಿಗೆ ಒಂದು ನಿಯತ ಕಾಲದವರೆಗೆ ಮಾತ್ರ ಇರುತ್ತದೆ. ಆ ಕಾಲ ಕಳೆದ ಬಳಿಕ ಗ್ರಂಥವು ಸಾರ್ವಜನಿಕ ಸ್ವತ್ತಾಗುತ್ತದೆ. ಭಾರತದಲ್ಲಿ ಈ ಅವಧಿಯು ಸಾಮಾನ್ಯವಾಗಿ ಲೇಖಕನ ಮರಣಾನಂತರ 60 ವರ್ಷ. ಬ್ರಿಟನ್ನಿನಲ್ಲಿ 70 ವರ್ಷ. ಅಮೆರಿಕದಲ್ಲಿಯಾದರೋ, ಹಳೆಯ ಪುಸ್ತಕಗಳಿಗೆ ಪ್ರಕಟಣೆಯ ವರ್ಷದಿಂದಲೇ ಎಣಿಕೆ. ಅದರ ಗರಿಷ್ಠ ಮಿತಿ 95 ವರ್ಷ. ಬೋಸರು 1937ರಲ್ಲಿ ತೀರಿಕೊಂಡರು. ಆದುದರಿಂದ ಅವರ ಈ ಗ್ರಂಥದ ಸ್ವಾಮ್ಯವು ನಮ್ಮಲ್ಲಿ 1997ರ ಕೊನೆಯೊಳಗೂ ಬ್ರಿಟನ್ನಿನಲ್ಲಿ 2007ರ ಕೊನೆಗೂ ಮುಗಿದುಹೋಯಿತು. ಅಮೆರಿಕದಲ್ಲಂತೂ ಅದು ಎಂದೋ ಮುಗಿದಿದೆ.

ಹಾಗಾದರೆ ತೊಡಕೆಲ್ಲಿ? ಅಮೆರಿಕದ ವಿಶ್ವವಿದ್ಯಾನಿಲಯಗಳ ಗ್ರಂಥಾಲಯಗಳು ಕೂಡಿ 2008ರಲ್ಲಿ ಹಾಥಿಟ್ರಸ್ಟ್ ಎಂಬ ಭಂಡಾರವನ್ನು ಸ್ಥಾಪಿಸಿದವು. ಒಮ್ಮೆ ಕಂಡುದನ್ನು ಆನೆ ಮರೆಯದೆಂಬ ಮಾತಿನಿಂದ ಹಿಂದಿಯ ಈ ಹೆಸರು ಬಂದಿತು. ಅದರಲ್ಲಿ ಒಂದು ಕೋಟಿ ಎಪ್ಪತ್ತು ಲಕ್ಷಕ್ಕೂ ಮಿಕ್ಕಿದ ಸಂಪುಟಗಳಿವೆ. ಪ್ರತಿಯೊಬ್ಬ ಲೇಖಕನೂ ಯಾವ ವರ್ಷ ತೀರಿಕೊಂಡನೆಂದು ವಿಚಾರಿಸುತ್ತ ಕುಳಿತರೆ ಗ್ರಂಥಪಾಲಕರ ಆಯುಸ್ಸೇ ಸಾಲದು. ಆದುದರಿಂದ ಯಂತ್ರಕ್ಕೆ ಒಂದು ಸ್ಥೂಲ ನಿಯಮವನ್ನು ಕೊಟ್ಟಿರುತ್ತಾರೆ. ಲೇಖಕನು 25ನೆಯ ವಯಸ್ಸಿನಲ್ಲಿ ಪುಸ್ತಕ ಬರೆದು 95ನೆಯ ವಯಸ್ಸಿನವರೆಗೆ ಬದುಕಿದನೆನ್ನಿ; ಅಲ್ಲಿಗೆ 70 ವರ್ಷವಾಯಿತು. ಮರಣಾನಂತರದ ಸ್ವಾಮ್ಯ ಇನ್ನು 70 ವರ್ಷ. ಒಟ್ಟು 140. ಅಮೆರಿಕದ ಹೊರಗೆ ಅಚ್ಚಾದ ಪುಸ್ತಕವು ಇಷ್ಟು ಹಳೆಯದಾಗುವವರೆಗೆ ಅಮೆರಿಕದ ಹೊರಗಿನ ಓದುಗರಿಗೆ ಅದನ್ನು ತೆರೆಯದಿರುವುದೇ ಕ್ಷೇಮವೆಂಬುದು ಆ ಲೆಕ್ಕಾಚಾರ. ಓದುಗನು ಯಾವ ದೇಶದವನೆಂಬುದನ್ನು ಅವನ ಗಣಕಯಂತ್ರದ ಅಂತರ್ಜಾಲ ವಿಳಾಸವೇ ತಿಳಿಸುತ್ತದೆ.

ಈ ನಿಯಮವನ್ನು ಹಾಗೆಯೇ ಅನ್ವಯಿಸಿದರೆ 1902ರ ಲಂಡನ್ ಮುದ್ರಣವು ನಮಗೆ ತೆರೆಯುವುದು 2042ರ ಹೊತ್ತಿಗೆ! ಕಾನೂನು ಬಿಡುಗಡೆ ಮಾಡಿದ ನಲವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ! ಅಳತೆಯಲ್ಲಿ ದೋಷವು ಎಷ್ಟಿದ್ದೀತೆಂದು ನಾವು ಪ್ರಯೋಗಶಾಲೆಯಲ್ಲಿ ಅಂದಾಜು ಮಾಡುವುದಿಲ್ಲವೆ? ಇಲ್ಲಿಯ ದೋಷವೆಲ್ಲವೂ ಒಂದೇ ಕಡೆಗೆ, ಓದುಗನ ನಷ್ಟದ ಕಡೆಗೆ ವಾಲಿದೆ.

ಇದಕ್ಕೆ ವಿಲೋಮವಾದ ನಿದರ್ಶನವೂ ಉಂಟು. ಸರ್ ಸಿ. ವಿ. ರಾಮನ್ನರು ಬೆಳಕಿನ ಚದರಿಕೆಯನ್ನು ಕುರಿತು ಬರೆದ ಪುಸ್ತಕವನ್ನು ಕಲ್ಕತ್ತ ವಿಶ್ವವಿದ್ಯಾನಿಲಯವು 1922ರಲ್ಲಿ ಪ್ರಕಟಿಸಿತು. ಅಮೆರಿಕದಲ್ಲಿ ಅದು ಮುಕ್ತ. ರಾಮನ್ನರು ನಿಧನರಾದುದು 1970ರಲ್ಲಿ. ಮರಣದಿಂದ ಎಣಿಸುವ ನಮ್ಮ ಸಾಮಾನ್ಯ ನಿಯಮದಂತೆ ಅದು ಇಲ್ಲಿ ಮುಕ್ತವಾಗುವುದು 2031ರಲ್ಲಿ. ಒಂದೇ ಪುಸ್ತಕ ಒಂದು ದೇಶದಲ್ಲಿ ಮುಕ್ತವಾಗಿದ್ದು ಇನ್ನೊಂದರಲ್ಲಿ ಹಾಗಿಲ್ಲದಿರಬಹುದು. ಆದುದರಿಂದ ಗ್ರಂಥಾಲಯಗಳ ಎಚ್ಚರಿಕೆಯು ಕೇವಲ ಹಟವೆಂದು ಹೇಳಲಾಗದು.

ಎರಡನೆಯ ಬೀಗವು ಕರಾರಿನದು. 2004ರಿಂದ ಗೂಗಲ್ ಸಂಸ್ಥೆಯು ದೊಡ್ಡ ಗ್ರಂಥಾಲಯಗಳ ಪುಸ್ತಕಗಳನ್ನು ತನ್ನ ವೆಚ್ಚದಲ್ಲಿ ಸ್ಕ್ಯಾನ್ ಮಾಡತೊಡಗಿತು. ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ದೊರೆಯಿತು. ಆದರೆ ಅವನ್ನು ಹಂಚುವುದಕ್ಕೆ ಕರಾರುಗಳಲ್ಲಿ ಮಿತಿಗಳಿದ್ದವು. ಇದರಿಂದಾಗಿ ಬಹುಕಾಲ ಹಾಥಿಟ್ರಸ್ಟಿನ ಇಂತಹ ಮುಕ್ತ ಪುಸ್ತಕಗಳನ್ನು ಹೊರಗಿನವರು ಪುಟಪುಟವಾಗಿ ಓದಬಹುದಿತ್ತೇ ಹೊರತು ಇಡಿಯಾಗಿ ಇಳಿಸಿಕೊಳ್ಳುವಂತಿರಲಿಲ್ಲ. ಆ ಸೌಲಭ್ಯವು ಸದಸ್ಯ ಸಂಸ್ಥೆಗಳವರಿಗೆ ಮೀಸಲಾಗಿತ್ತು. ಪುಟದ ಯಥಾವತ್ ಚಿತ್ರ ತೆಗೆದವನಿಗೆ ಹೊಸ ಸ್ವಾಮ್ಯವೇನೂ ಹುಟ್ಟುವುದಿಲ್ಲ. ಹಳೆಯ ಚಿತ್ರಕಲಾಕೃತಿಗಳ ಪಡಿಯಚ್ಚಿನಂತಹ ಛಾಯಾಚಿತ್ರಗಳ ವಿಷಯದಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು 1999ರಲ್ಲಿ ಹೀಗೆಯೇ ತೀರ್ಪಿತ್ತಿತು. ಸ್ವಾಮ್ಯವು ಎಲ್ಲರನ್ನೂ ಕಟ್ಟುತ್ತದೆ. ಕರಾರು ಒಪ್ಪಿದವರನ್ನು ಮಾತ್ರ ಕಟ್ಟುತ್ತದೆ. ಆದರೆ ಪ್ರತಿಯ ಬೀಗದಕೈ ಕರಾರಿಗೆ ಒಪ್ಪಿದವರ ಬಳಿಯಲ್ಲಿಯೇ ಇದ್ದರೆ, ಓದುಗನಿಗೆ ಈ ಭೇದದಿಂದ ಪ್ರಯೋಜನವೇನು?

ಬೀಗ ಮುಖ್ಯವೇಕೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಸಾಕ್ಷಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಪ್ರಮುಖ ಪಾತ್ರ ವಹಿಸಿದ ಭಾರತದ ಡಿಜಿಟಲ್ ಗ್ರಂಥಾಲಯದಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಲಕ್ಷಾಂತರ ಪುಸ್ತಕಗಳು ಡಿಜಿಟಲ್ ರೂಪಕ್ಕೆ ಬಂದವು. ಮುಂದೆ ಆ ತಾಣವು ಓದುಗರಿಗೆ ದೊರೆಯದಂತಾಯಿತು. ಅಷ್ಟರಲ್ಲಿ ಅದರ ಅನೇಕ ಪುಸ್ತಕಗಳ ಪ್ರತಿಗಳು ಇಂಟರ್ನೆಟ್ ಆರ್ಕೈವ್ ಎಂಬ ಭಂಡಾರವನ್ನು ಸೇರಿದ್ದುದರಿಂದ ಅವು ಇಂದಿಗೂ ಓದಲು ಸಿಗುತ್ತಿವೆ. ಹಲವು ಕೈಗಳಲ್ಲಿರುವ ಪ್ರತಿಯೇ ಉಳಿಯುವ ಪ್ರತಿ.

ಸ್ಥೂಲ ನಿಯಮವನ್ನು ತಿದ್ದುವುದು ಅಸಾಧ್ಯವೇನೂ ಅಲ್ಲ. ಲೇಖಕನು ತೀರಿಕೊಂಡ ವರ್ಷವನ್ನು ತಿಳಿಸಿ, ಪುಸ್ತಕದ ಹಕ್ಕನ್ನು ಮರುಪರಿಶೀಲಿಸಿರೆಂದು ಓದುಗರು ಹಾಥಿಟ್ರಸ್ಟಿಗೆ ಬರೆಯಬಹುದು. ಆದುದರಿಂದ ತೆರೆಯದ ಪುಸ್ತಕವೊಂದು ಎದುರಾದಾಗ ನಮ್ಮ ವಿದ್ಯಾರ್ಥಿಗಳು ಕೂಡಲೆ ಹಿಂದಿರುಗಬಾರದು. ಬೀಗವನ್ನು ಹಾಕಿರುವುದು ಕಾನೂನೋ, ಕರಾರೋ, ಅಥವಾ ಯಂತ್ರದ ಬರಿಯ ಊಹೆಯೋ ಎಂದು ಮೊದಲು ವಿಚಾರಿಸಬೇಕು. ಊಹೆಯಾದರೆ, ಅದನ್ನು ತೆರೆಯಲು ಸರಿಯಾದ ಒಂದು ಇಸವಿಯೇ ಸಾಕಾಗಬಹುದು.