ಹೋರಿ ಹಬ್ಬಕ್ಕ ಎಳೆ ಹೋರಿ ತಯಾರಿ: ಕಾಳು ಸುರಿಯೋ ಮುಂಚೆ ಓದ್ರಿ

ದೀಪಾವಳಿ ಪಾಡ್ಯ ಹತ್ರ ಬಂತಂದ್ರ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆ ಕೊಬ್ಬರಿ ಹೋರಿಗಳದ್ದೇ ಮಾತು. ಮೈ ತುಂಬಲಿ ಅಂತ ಕಡೇ ಎರಡು ವಾರದಾಗ ಗೋವಿನಜೋಳದ ನುಚ್ಚು ಬುಟ್ಟಿಗಟ್ಟಲೆ ಇಡೋರು ಬಹಳ. ನಾನೂ ಒಮ್ಮೆ ಹಂಗ ಮಾಡಿದ್ದೆ. ಹಬ್ಬದ ದಿನ ನಮ್ಮ ಹೋರಿ ದನದ ಮನಿಯಿಂದ ಏಳಲೇ ಇಲ್ಲ.

ಕಾರಣ ಸರಳ. ಕಾಳಿನ ಪಿಷ್ಟ ಹೊಟ್ಟೆಯಲ್ಲಿ ಬೇಗ ಹುಳಿತು ಆಮ್ಲ ಹೆಚ್ಚುತ್ತದೆ. ಮೇವು ಕರಗಿಸುವ ಸೂಕ್ಷ್ಮಾಣುಗಳು ಸಾಯುತ್ತವೆ. ಮೆಲುಕು ನಿಲ್ಲುತ್ತದೆ, ಸಗಣಿ ತೆಳ್ಳಗಾಗಿ ಹುಳಿ ವಾಸನೆ ಬರುತ್ತದೆ, ಗೊರಸೂ ನೋಯುತ್ತದೆ.

ಹಿಂಗ ಮಾಡ್ರಿ:

1. ಎರಡು ತಿಂಗಳು ಮೊದಲೇ ಜಂತಿನ ಔಷಧಿ, ಕಾಲುಬಾಯಿ ಜ್ವರದ ಲಸಿಕೆ ಮುಗಿಸಿ.

2. ಮೊದಲು ಮೇವು, ಆಮೇಲೆ ಕಾಳು. 200 ಕೆಜಿ ತೂಕದ ಹೋರಿಗೆ ಹುರುಳಿ, ನುಚ್ಚು, ಹಿಂಡಿ ಎಲ್ಲಾ ಸೇರಿ ದಿನಕ್ಕೆ 2 ಕೆಜಿ ಸಾಕು. ಅರ್ಧ ಕೆಜಿಯಿಂದ ಶುರು ಮಾಡಿ, ವಾರಕ್ಕೆ ಅರ್ಧ ಕೆಜಿ ಏರಿಸಿ, ಎರಡು ಹೊತ್ತಿಗೆ ಹಂಚಿ. ಹುರುಳಿ ನೆನೆಸಿ ಬೇಯಿಸ್ರಿ. ಜೊತೆಗೆ 30 ಗ್ರಾಂ ಖನಿಜ ಮಿಶ್ರಣ.

3. ಬೆಳಿಗ್ಗೆ ತಂಪಿನಲ್ಲಿ ನಡಿಗೆ, ಕೆರೆಯಲ್ಲಿ ಈಜು. ದಿನ ದಿನ ಸ್ವಲ್ಪ ಸ್ವಲ್ಪ ಹೆಚ್ಚಿಸಿ.

4. ಎಳೆ ಹೋರಿಗೆ ಈ ವರ್ಷ ಜನ, ಸದ್ದು ರೂಢಿಯಾದ್ರ ಸಾಕು. ಎಲುಬು ಬಲಿತ ಮೇಲೆ ಓಟ.

ಮೆಲುಕು ನಿಂತಿತಾ? ಕಾಳು ಬಂದ್ ಮಾಡಿ, ಒಣಮೇವು ಮಾತ್ರ ಹಾಕಿ, ತಕ್ಷಣ ಪಶುವೈದ್ಯರನ್ನು ಕರೀರಿ. ಸಹಾಯವಾಣಿ 1962. ಕೊಬ್ಬರಿ ಸರ ಮುಂದಿನ ವರ್ಷನೂ ಕಟ್ಟಬಹುದು, ಹೋರಿ ಉಳಿದ್ರ.